ಹಳೇ ಲೇಸರ್ ಹಾಯಿದೋಣಿ: ಬಣ್ಣ ಹೊಡೆಯೋ ಮುಂಚೆ ಏನು ನೋಡಬೇಕು?

ಪ್ರಶ್ನೆ (ಮಂಗಳೂರು): ಸೆಕೆಂಡ್ ಹ್ಯಾಂಡ್ ಲೇಸರ್ ದೋಣಿ (ಒಬ್ಬರೇ ಓಡಿಸುವ ಪುಟ್ಟ ಫೈಬರ್ ಹಾಯಿದೋಣಿ) ತಗೊಂಡಿದ್ದೇನೆ. ಡೆಕ್ (ಮೇಲ್ಭಾಗ) ಮಾಸಿದೆ, ತಳದಲ್ಲಿ ಗೀರುಗಳಿವೆ, ವಾಲಿಸಿದರೆ ಒಳಗೆ ನೀರು ಕುಲುಕುತ್ತದೆ. ಫೈಬರ್ ಅಂಗಡಿಯವರು ಪಾಲಿಯೆಸ್ಟರ್ ರೆಸಿನ್ (ಫೈಬರ್‌ನ ಅಂಟು), ಅದನ್ನು ಗಟ್ಟಿಯಾಗಿಸುವ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್, ಗ್ಲಾಸ್ ಎಳೆಗಳ ಮ್ಯಾಟ್ ಕೊಟ್ಟಿದ್ದಾರೆ. ಮಳೆಗಾಲ ಮುಗಿಯೋದರೊಳಗೆ ನಾನೇ ರಿಪೇರಿ ಮಾಡಿ ಬಣ್ಣ ಹೊಡೀಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಫೈಬರ್ ದೋಣಿ ರಿಪೇರಿ, ಮಲ್ಪೆ): ಬಣ್ಣದ ಮಾತು ಸದ್ಯಕ್ಕೆ ಬಿಡಿ. ನೀರು ಖಾಲಿ ಮಾಡಿ, ಫಿಟ್ಟಿಂಗ್ ತೆಗೆದು ತೂಕ ಹಾಕಿ. ಧಕ್ಕೆಯಲ್ಲಿ ಮೀನು ತೂಗುವ ಕಾಟಾ ಸಾಕು. ಲೇಸರ್‌ನ ಬರೀ ಹಲ್ (ದೋಣಿಯ ಒಡಲು) ಸುಮಾರು 59 ಕೆಜಿ ಇರಬೇಕು. ತುಂಬಾ ಹೆಚ್ಚಿದ್ದರೆ ಡೆಕ್ ಒಳಗಿನ ಫೋಮ್ ನೀರು ಕುಡಿದಿರಬಹುದು.

ಆಮೇಲೆ ಹಾಯಿಗಂಬ ನಿಲ್ಲುವ ಗುಂಡಿಗೆ ನೀರು ತುಂಬಿಸಿ, ಮಟ್ಟಕ್ಕೊಂದು ಗುರುತು ಹಾಕಿ ಒಂದು ತಾಸು ಬಿಡಿ. ಮಟ್ಟ ಇಳಿದರೆ ಅಲ್ಲೇ ಸೋರಿಕೆ. ಈ ದೋಣಿಯಲ್ಲಿ ಕಂಬವನ್ನು ಹಿಡಿದಿಡುವ ತಂತಿಗಳಿಲ್ಲ, ಗಾಳಿಯ ಪೂರ್ತಿ ಭಾರ ಆ ಗುಂಡಿಯ ಮೇಲೇ. ಬಿರುಕು ಬಿಟ್ಟದ್ದನ್ನು ಹಾಗೇ ಓಡಿಸಿದರೆ ಒಂದು ದಿನ ಕಂಬ ಡೆಕ್ಕನ್ನೇ ಸೀಳಿಕೊಂಡು ಬೀಳುತ್ತದೆ.

ಅದೇ ಸದಸ್ಯರು: ತೂಕ 66 ಬಂತು. ನೀರೂ ಇಳಿಯಿತು.

ಉತ್ತರ: ಗುಂಡಿಯ ಪಕ್ಕ ಡೆಕ್‌ನಲ್ಲಿ ಸುಮಾರು 6 ಇಂಚಿನ ತೂತು ಕೊರೆಯಿರಿ, ಕೊನೆಗೆ ಅದಕ್ಕೆ ತಿರುಪಿನ ಮುಚ್ಚಳ ಕೂರಿಸಬಹುದು. ಅದರ ಮೂಲಕ ಸಣ್ಣ ಫ್ಯಾನ್ ಇಟ್ಟು ಒಣಗಿಸಿ. ಕರಾವಳಿಯ ಜುಲೈ ಹವೆಯಲ್ಲಿ ಇದಕ್ಕೆ ವಾರಗಳೇ ಬೇಕು, ಅವಸರ ಮಾಡಿದವರ ರಿಪೇರಿ ಮುಂದಿನ ವರ್ಷ ನಮ್ಮ ಶೆಡ್ಡಿಗೇ ಬರುತ್ತದೆ. ಒಣಗಿದ ಮೇಲೆ ಆ ಗುಂಡಿಯ ಕೊಳವೆ ದೋಣಿಯ ತಳಕ್ಕೆ ಸೇರುವ ಜಾಗವನ್ನು ಒರಟಾಗಿ ಉಜ್ಜಿ, ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿಯಿಂದ (ಹಾರ್ಡನರ್ ಬೆರೆಸಿ ಬಳಸುವ ಇನ್ನೊಂದು ಬಗೆಯ ಅಂಟು) ಸುತ್ತಲೂ ಮೂಲೆ ತುಂಬಿ, ಮೇಲೆ ಗ್ಲಾಸ್ ಬಟ್ಟೆಯ ಪಟ್ಟಿಗಳನ್ನು ಕೂರಿಸಿ.

ಇಲ್ಲಿ ಪಾಲಿಯೆಸ್ಟರ್ ಬೇಡ. ಹಳೇ ಫೈಬರ್ ಮೇಲೆ ಎಪಾಕ್ಸಿಯ ಹಿಡಿತವೇ ಬೇರೆ. ಮ್ಯಾಟ್ ಕೂಡ ವಾಪಸ್ ಕೊಡಿ: ಮಾಮೂಲಿ ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಕರಗುವುದು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕಕ್ಕೆ, ಎಪಾಕ್ಸಿಯಲ್ಲಿ ಅದಿಲ್ಲ. ನೇಯ್ದ ಬಟ್ಟೆ ತನ್ನಿ.

ಇನ್ನೊಂದು ಮಾತು, ಎಲ್ಲರೂ ಓದಿ. ಅಂಗಡಿಯವರು ಕೊಟ್ಟ ನೇರಳೆ ಕೋಬಾಲ್ಟ್ ಮತ್ತು ನೀರಿನಂತಿರುವ ಕ್ಯಾಟಲಿಸ್ಟ್ (ಎಂಇಕೆಪಿ) ಎರಡನ್ನೂ ನೇರವಾಗಿ ಬೆರೆಸಲೇಬಾರದು, ಸ್ಫೋಟವಾಗುತ್ತದೆ. ಕೋಬಾಲ್ಟ್ ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿದ ಮೇಲಷ್ಟೇ ಕ್ಯಾಟಲಿಸ್ಟ್. ಅಳೆಯುವ ಮುಚ್ಚಳವೂ ಬೇರೆ ಬೇರೆ ಇರಲಿ. ಕಣ್ಣಿಗೆ ಕನ್ನಡಕ ಕಡ್ಡಾಯ.

ಇನ್ನೊಬ್ಬ ಸದಸ್ಯರು: ಮಳೆಯಲ್ಲಿ ಎಪಾಕ್ಸಿ ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಬಹುದಾ?

ಉತ್ತರ: ಬೇಡ. ಪಾಲಿಯೆಸ್ಟರ್‌ಗೆ ಕ್ಯಾಟಲಿಸ್ಟನ್ನು ಸಾಮಾನ್ಯವಾಗಿ 1ರಿಂದ 2 ಶೇಕಡಾದೊಳಗೆ ಹೆಚ್ಚು ಕಡಿಮೆ ಮಾಡಬಹುದು. ಎಪಾಕ್ಸಿಯಲ್ಲಿ ಹಾರ್ಡನರ್ ಕೂಡ ಅಂಟಿನದೇ ಭಾಗ, ಅಳತೆ ತಪ್ಪಿದರೆ ಎಂದೆಂದಿಗೂ ಮೆತ್ತಗೇ ಉಳಿಯುತ್ತದೆ. ಬೇಗ ಬೇಕಿದ್ದರೆ ಫಾಸ್ಟ್ ಹಾರ್ಡನರ್ ಕೇಳಿ. ತೇವದ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಜಿಡ್ಡಿನಂಥ ಪದರ ಬರುತ್ತದೆ. ಅದನ್ನು ಬರೀ ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಉಜ್ಜಿ. ಮೊದಲೇ ಉಜ್ಜಿದರೆ ಜಿಡ್ಡು ಒಳಗೆ ಸೇರಿ ಮುಂದಿನ ಪದರ ಕಚ್ಚುವುದಿಲ್ಲ.

ಮೊದಲ ಸದಸ್ಯರು: ಗೀರುಗಳು? ಕಾಕ್‌ಪಿಟ್‌ನ (ಕಾಲಿಡುವ ತಗ್ಗಿನ) ಮುಂದಿನ ಗೋಡೆಯಲ್ಲೊಂದು ಪುಟ್ಟ ತೂತೂ ಇದೆ, ಎಲ್ಲಕ್ಕೂ ಪುಟ್ಟಿ ಹಾಕಿಬಿಡಲಾ?

ಉತ್ತರ: ಗ್ಲಾಸ್ ಎಳೆ ಕಾಣುವಷ್ಟು ಆಳದ ಗೀರುಗಳನ್ನು ಮಾತ್ರ ಜೆಲ್‌ಕೋಟ್‌ನಿಂದ (ಫೈಬರ್‌ನ ಹೊರಪದರದ ರೆಸಿನ್) ತುಂಬಿ, ಉಳಿದವು ನೋಡೋಕಷ್ಟೇ ಕೆಟ್ಟವು. ಪುಟ್ಟ ತೂತು ಮುಚ್ಚಬೇಡಿ! ಅದು ಹಲ್ ಉಸಿರಾಡಲು ಬಿಟ್ಟದ್ದು. ಮುಚ್ಚಿದರೆ ದಡದ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಡೆಕ್-ಹಲ್ ಜೋಡಣೆ ಬಿಟ್ಟುಕೊಳ್ಳುತ್ತದೆ.