ಮನಾಲಿ–ಲೇಹ್ ಸೈಕಲ್‌ನಲ್ಲಿ: ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು: ಹುಬ್ಬಳ್ಳಿ, ಗೋಕುಲ ರೋಡ್

ಎಲ್ಲರಿಗೂ ನಮಸ್ಕಾರ. ವಯಸ್ಸು ನಲವತ್ತು ದಾಟಿದೆ. ರವಿವಾರ ಬೆಳಗ್ಗೆ ಧಾರವಾಡಕ್ಕೆ ಹೋಗಿ ಚಹಾ ಕುಡಿದು ವಾಪಸ್, ಆಗೊಮ್ಮೆ ಈಗೊಮ್ಮೆ ದಾಂಡೇಲಿ. ನನ್ನ ಸೈಕ್ಲಿಂಗ್ ಇಷ್ಟೇ. ಆಗಸ್ಟ್ ಕೊನೆಗೆ ಇಬ್ಬರು ಗೆಳೆಯರ ಜೊತೆ ಮನಾಲಿಯಿಂದ ಲೇಹ್‌ಗೆ ಹೋಗುವ ಆಸೆ. ಗೇರ್ ಇರುವ ಎಂಟಿಬಿ (ಮೌಂಟನ್ ಬೈಕ್) ಇದೆ. ಸಾಮಾನು ಹೊರಲು ಹಿಂದೆ ಗಾಡಿ ಇಟ್ಟುಕೊಳ್ಳುವ ಮನಸ್ಸಿಲ್ಲ. ಒಂಬತ್ತು ದಿನದಲ್ಲಿ ಮುಗಿಯುತ್ತಾ? ಇಲ್ಲಿ ಪ್ರಾಕ್ಟೀಸ್ ಎಲ್ಲಿ ಮಾಡಲಿ? ಅಲ್ಲಿ ಉಸಿರೇ ಸಿಗಲ್ವಂತೆ ಅಂತ ಮನೆಯಲ್ಲಿ ಹೆದರಿದ್ದಾರೆ.

ಧಾರವಾಡ, ಸಪ್ತಾಪುರ

ಸರ್, ಒಂಬತ್ತು ದಿನದಲ್ಲಿ ಮುಗಿಸುವವರು ಇದ್ದಾರೆ. ನೀವು ಹನ್ನೆರಡು ಇಟ್ಟುಕೊಳ್ಳಿ. ಕಾಲಿಗೆ ಅಷ್ಟು ದಿನ ಬೇಕಾಗಿಲ್ಲ, ಎತ್ತರಕ್ಕೆ ಒಗ್ಗಲು ತಲೆಗೆ ಬೇಕು.

ರೋಹ್ತಾಂಗ್ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ಜಾಗ) ಮೇಲಿಂದ ಹೋದರೆ ದಾರಿ ಸುಮಾರು 475 ಕಿ.ಮೀ. 2020ರಲ್ಲಿ ಅದರ ಕೆಳಗಿನ ಅಟಲ್ ಸುರಂಗ ಶುರುವಾದ ಮೇಲೆ ಲಾರಿ, ಬಸ್ಸು ಹೆಚ್ಚಾಗಿ ಆ ಕಡೆ ಹೋಗುತ್ತವೆ. ನಾವು ಸೈಕಲ್‌ನವರು ರೋಹ್ತಾಂಗ್ ಹತ್ತುವುದೇ ಒಳ್ಳೆಯದು. ಮನಾಲಿ 2,050 ಮೀಟರ್, ರೋಹ್ತಾಂಗ್ 3,978. ಅಂದರೆ 50 ಕಿ.ಮೀ.ಯಲ್ಲಿ ಹೆಚ್ಚುಕಮ್ಮಿ 1,900 ಮೀಟರ್ ಏರು. ಯಲ್ಲಾಪುರ ದಾರಿಯ ನಮ್ಮ ಅರಬೈಲ್ ಘಟ್ಟ ಐನೂರರ ಆಸುಪಾಸು ಅಷ್ಟೇ, ನೀವೇ ಲೆಕ್ಕ ಹಾಕಿ. ಒಂದೇ ದಿನಕ್ಕೆ ಹತ್ತಬೇಡಿ, ಮಧ್ಯೆ ಮಢಿಯಲ್ಲೋ ಅದಕ್ಕೂ ಕೆಳಗೋ ಒಂದು ರಾತ್ರಿ ನಿಲ್ಲಿ. ಪಾಸ್ ದಾಟಿ ಕೋಕ್ಸರ್‌ಗೆ ಇಳಿದರೆ 3,100 ಮೀಟರ್ ಸುಮಾರಿಗೆ ಬರುತ್ತೀರಿ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಮಲಗಿದರೆ ಮೈ ಹದಕ್ಕೆ ಬರುತ್ತದೆ. ಸುರಂಗದಲ್ಲಿ ಹೋದವರಿಗೆ ಈ ಲಾಭ ಇಲ್ಲ.

ಕೇಲಾಂಗ್, ಜಿಸ್ಪಾ ತನಕ ಆರಾಮ. ಊರು, ಅಂಗಡಿ, ಊಟ ಎಲ್ಲ ಸಿಗುತ್ತೆ. ಬಹಳ ಜನ ಎಡವುವುದು ಜಿಸ್ಪಾದಿಂದ ಮುಂದೆ. ಜಿಸ್ಪಾ 3,200, ಸರ್ಚು ಸುಮಾರು 4,300. ಕಾರು, ಬೈಕಿನವರು ಒಂದೇ ದಿನದಲ್ಲಿ ಸರ್ಚು ಮುಟ್ಟಿ, ರಾತ್ರಿಯಿಡೀ ತಲೆ ಹಿಡಿದುಕೊಂಡು ಕೂರುತ್ತಾರೆ. ನೀವು ಜಿಸ್ಪಾದಲ್ಲಿ ಎರಡು ರಾತ್ರಿ ಇರಿ. ಆಮೇಲೆ ಪಟ್ಸಿಯೋ, ಜಿಂಗ್‌ಜಿಂಗ್‌ಬಾರ್, ಆಮೇಲೆ ಬಾರಾಲಾಚಾ ಪಾಸ್ ದಾಟಿ ಸರ್ಚು. ಈ ಒಂದು ತುಂಡು ದಾರಿಯಲ್ಲಿ ಅವಸರ ಮಾಡದಿದ್ದರೆ ಅರ್ಧ ಗೆದ್ದಂತೆ.

ಬೆಳಗ್ಗೆ ಆರಕ್ಕೇ ಹೊರಡಿ. ಬಿಸಿಲೇರಿದಂತೆ ಹಿಮ ಕರಗಿ ರಸ್ತೆ ಮೇಲಿನ ಹಳ್ಳಗಳು ತುಂಬುತ್ತವೆ. ಬೆಳಗ್ಗೆ ಪಾದ ಮುಳುಗುವಷ್ಟು ನೀರಿದ್ದ ಕಡೆ ಮಧ್ಯಾಹ್ನ ಮೊಣಕಾಲ ತನಕ ಬಂದಿರುತ್ತೆ, ಕೆಳಗೆ ಗುಂಡುಕಲ್ಲು. ಸೈಕಲ್ ಹೆಗಲ ಮೇಲೆ ಇಟ್ಟುಕೊಂಡು, ಶೂ ಬಿಚ್ಚದೆ ದಾಟಿ. ಬರಿಗಾಲಿಗೆ ಆ ತಣ್ಣೀರು ತಾಗಿದರೆ ಹತ್ತು ಹೆಜ್ಜೆಗೆ ಪಾದ ಮರಗಟ್ಟುತ್ತದೆ, ಕಲ್ಲು ಎಲ್ಲಿದೆ ಅಂತಲೇ ಗೊತ್ತಾಗಲ್ಲ.

ಸರ್ಚು ದಾಟಿದ ಮೇಲೆ ಬರುವ ಗಾಟಾ ಲೂಪ್ಸ್‌ನ 21 ತಿರುವಿನ ಹೆಸರು ಕೇಳಿ ಎಲ್ಲರೂ ಹೆದರುತ್ತಾರೆ. ಸುಮ್ನೆ. ಅಲ್ಲಿ ಏರು ಹದವಾಗಿದೆ, ಸಣ್ಣ ಗೇರ್ ಹಾಕಿ ಕೂತರೆ ಮುಗಿಯುತ್ತೆ. ಅದರ ಮೇಲಿನ ನಕೀ ಲಾ, ಲಾಚುಂಗ್ ಲಾ (ಲಾ ಅಂದರೆ ಪಾಸ್) ಒಂದರ ಹಿಂದೆ ಒಂದು ಬರುತ್ತವಲ್ಲ, ದಮ್ಮು ತೆಗೆಯುವುದು ಅವು. ಲಾಚುಂಗ್ ಲಾ 5,000 ಮೀಟರ್ ದಾಟಿದೆ.

ಹಾವೇರಿ

ಮೇಲಿನವರು ಹೇಳಿದ್ದು ಸರಿ, ಆದರೆ ಮೊದಲ ಸಲಕ್ಕೆ ಮನಾಲಿ ದಾರಿಯೇ ಯಾಕೆ? ಶ್ರೀನಗರದಿಂದ ಹೋಗಿ. ಜೋಜಿ ಲಾ 3,528 ಮೀಟರ್. ಆ ದಾರಿಯ ಅತಿ ಎತ್ತರದ ಜಾಗ ಫೋತು ಲಾ, ಅದೂ 4,108. ದ್ರಾಸ್, ಕಾರ್ಗಿಲ್, ಲಾಮಾಯುರು ಅಂತ ಊರು ಸಿಗುತ್ತಲೇ ಇರುತ್ತವೆ. ಹಿಂದೆ ಗಾಡಿ ಬೇಡ ಅನ್ನುವವರಿಗೆ ಇದೇ ಸರಿ. ಮನಾಲಿ ದಾರಿಯಲ್ಲಿ ದಾರ್ಚಾ ಬಿಟ್ಟರೆ ರುಮ್ತ್ಸೆ ತನಕ ಊರು ಅನ್ನುವುದೇ ಇಲ್ಲ. ಬೇಸಿಗೆಯಲ್ಲಿ ಹಾಕುವ ಟೆಂಟ್ ಢಾಬಾಗಳು, ಪಾಂಗ್‌ನಲ್ಲಿ ಸೇನೆಯ ಶಿಬಿರ, ಅಷ್ಟೇ. ಗಾಡಿ ಇಲ್ಲದೆ ಆ ದಾರಿಗೆ ಹೋಗುವುದು ನನಗಂತೂ ಒಪ್ಪಿಗೆ ಇಲ್ಲ.

ಧಾರವಾಡ, ಸಪ್ತಾಪುರ

ಅಣ್ಣಾ, ಶ್ರೀನಗರ ದಾರಿ ಸುಲಭ, ಒಪ್ಪಿದೆ. ಆದರೆ ಜೋಜಿ ಲಾದಲ್ಲಿ ಲಾರಿ ಸಾಲು, ಧೂಳು, ಪಕ್ಕದಲ್ಲೇ ಪ್ರಪಾತ. ಗಾಡಿ ವಿಷಯಕ್ಕೆ: ಢಾಬಾದಲ್ಲೇ ಊಟ, ಅಲ್ಲೇ ಮಲಗುವುದು ಅಂತಾದರೆ ಟೆಂಟ್, ಒಲೆ ಹೊರಬೇಕಾಗಿಲ್ಲ. ಸೆಪ್ಟೆಂಬರ್ ಮಧ್ಯ ದಾಟಿದರೆ ಢಾಬಾದವರು ಗಂಟುಮೂಟೆ ಕಟ್ಟತೊಡಗುತ್ತಾರೆ, ಆಗ ಮಾತ್ರ ಗಾಡಿ ಬೇಕೇ ಬೇಕು.

ಗದಗ

ಪ್ರಾಕ್ಟೀಸ್‌ಗೆ ನಮ್ಮ ಕಪ್ಪತಗುಡ್ಡಕ್ಕೆ ಬನ್ನಿ. ಡೋಣಿ ಕಡೆಯಿಂದ ಮಲ್ಲೇಶ್ವರನ ಗುಡಿಗೆ ಹತ್ತುವ ರಸ್ತೆ. ಏರು ಉದ್ದ ಇಲ್ಲ, ಆದರೆ ಜೂನ್, ಜುಲೈನಲ್ಲಿ ಅಲ್ಲಿನ ಗಾಳಿ ಇದೆಯಲ್ಲ! ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಪಾಂಗ್ ದಾಟಿದ ಮೇಲೆ ಮೋರೆ ಬಯಲು ಬರುತ್ತೆ. ನಲವತ್ತು ಕಿ.ಮೀ. ನೆಟ್ಟಗೆ, ಸಪಾಟು, ಮಧ್ಯಾಹ್ನದ ಮೇಲೆ ಎದುರುಗಾಳಿ ಬಿದ್ದರೆ ಸಪಾಟು ರಸ್ತೆಯಲ್ಲೂ ಏರಿನ ಗೇರ್ ಬೇಕು. ಘಟ್ಟ ಹತ್ತಿ ತಯಾರಾದವರು ಅಲ್ಲಿ ಬೇಸರದಿಂದ ಸೋಲುತ್ತಾರೆ. ಸಾಮಾನು ತುಂಬಿದ ಬ್ಯಾಗ್ ಕಟ್ಟಿಕೊಂಡೇ ಇಲ್ಲಿ ಓಡಿಸಿ, ಖಾಲಿ ಸೈಕಲ್ ಪ್ರಾಕ್ಟೀಸ್ ಲೆಕ್ಕಕ್ಕಿಲ್ಲ.

ಹುಬ್ಬಳ್ಳಿ, ವಿದ್ಯಾನಗರ (ವೈದ್ಯ)

ಮನೆಯವರ ಹೆದರಿಕೆ ಪೂರ್ತಿ ಸುಳ್ಳಲ್ಲ. ಈ ದಾರಿಯ ಅತಿ ಎತ್ತರದ ಪಾಸ್ ಟಾಂಗ್ಲಾಂಗ್ ಲಾ 5,328 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಈ ದಾರಿಯಲ್ಲಿ ಎಲ್ಲ ಕಡೆ ಅದನ್ನು ಪಾಲಿಸುವುದು ಕಷ್ಟ. ಅದಕ್ಕೇ ನಡುವೆ ಬಿಡುವಿನ ದಿನ ಬೇಕು.

ಎತ್ತರದ ತೊಂದರೆ ತಡೆಯಲು ತಗೊಳ್ಳುವ ಡೈಯಾಮಾಕ್ಸ್ ಗುಳಿಗೆ ಗೆಳೆಯರು ಕೊಟ್ಟರು ಅಂತ ನುಂಗಬೇಡಿ. ಸಲ್ಫಾ ಅಲರ್ಜಿ ಇದ್ದವರಿಗೆ ತೊಂದರೆ ಆಗಬಹುದು, ನಿಮ್ಮ ಡಾಕ್ಟರನ್ನು ಕೇಳಿ. ಬೆರಳು ಜುಮ್ ಅನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಆ ಗುಳಿಗೆಯ ಗುಣ, ಗಾಬರಿ ಬೇಡ. ತಲೆನೋವು, ವಾಕರಿಕೆ ಇದ್ದರೆ ಮುಂದೆ ಏರಬೇಡಿ, ಅಲ್ಲೇ ನಿಲ್ಲಿ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಕಾಯಬೇಡಿ, ಕೆಳಗೆ ಇಳಿಯಿರಿ, ರಾತ್ರಿಯಾದರೂ ಸರಿ. ಗೆಳೆಯರು ಒಬ್ಬರನ್ನೊಬ್ಬರು ಪರೀಕ್ಷಿಸುವ ಒಂದು ರೀತಿ ಇದೆ. ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಸಿ ನೋಡಿ. ತೂರಾಡಿದರೆ ಮಿದುಳಿಗೆ ಬಾವು ಬಂದಿರಬಹುದು. ಅವರು "ನನಗೇನೂ ಆಗಿಲ್ಲ" ಅಂದರೂ ಕೇಳಬೇಡಿ, ಲಾರಿ ಕೈಮಾಡಿ ನಿಲ್ಲಿಸಿ ಇಳಿಸಿ. ಕುಡಿತ ಲೇಹ್ ಮುಟ್ಟುವ ತನಕ ಬೇಡ.

ಧಾರವಾಡ, ಮಾಳಮಡ್ಡಿ

ನಾನೂ ಹೋಗಿದ್ದೆ, ಹೆಂಗಸರ ಗುಂಪಿನ ಜೊತೆ. ಯಾರೂ ಹೇಳದ ಮಾತು ಹೇಳುತ್ತೇನೆ. ಮೋರೆ ಬಯಲಿನಲ್ಲಿ ಒಂದು ಗಿಡದ ಮರೆಯೂ ಇಲ್ಲ. ನಾವು ದೊಡ್ಡ ದುಪ್ಪಟ್ಟಾ ಇಟ್ಟುಕೊಂಡು, ಇಬ್ಬರು ಹಿಡಿದು ಮರೆ ಮಾಡುತ್ತಿದ್ದೆವು. ಹೆಂಗಸರು ಇದಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಮೇಲೆ ತಲೆನೋವು.

ಊಟ ಅಂದರೆ ಢಾಬಾದಲ್ಲಿ ರಾಜ್ಮಾ ಅನ್ನ, ಮ್ಯಾಗಿ, ಮೊಟ್ಟೆ. ಪಾಂಗ್ ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ, ಕುಕ್ಕರ್ ಇಲ್ಲದೆ ಬೇಳೆ ಬೇಯಲ್ಲ. ಬಾಯಿಗೆ ರುಚಿಯೂ ಇರಲ್ಲ. ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಅಂಟಿನ ಉಂಡಿ ಒಯ್ದಿದ್ದೆವು. ರೊಟ್ಟಿ ಪುಡಿಯಾಯಿತು, ಆದರೂ ಚಟ್ನಿ ಜೊತೆ ಚಮಚದಲ್ಲಿ ತಿಂದೆವು. ಪೇಡೆ ಢಾಬಾದವರಿಗೆ ಕೊಡಲು ಇಟ್ಟುಕೊಳ್ಳಿ, ಚಹಾಕ್ಕೆ ದುಡ್ಡು ತಗೊಳ್ಳಲ್ಲ!

ಸಿಮ್ ಪೋಸ್ಟ್‌ಪೇಯ್ಡ್ ಇರಲಿ. ನಮ್ಮ ಕಡೆಯ ಪ್ರೀಪೇಯ್ಡ್ ಲಡಾಖ್‌ನಲ್ಲಿ ನಡೆಯಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಹನ್ನೆರಡು ದಿನ ಅಂತ ರಜೆ ಬರೆಯುತ್ತೇನೆ, ಮನಾಲಿ ದಾರಿಯೇ. ಡಾಕ್ಟರ್ ಮಾತನ್ನು ಮನೆಯಲ್ಲಿ ಓದಿ ಹೇಳಿದೆ, ಹೆದರಿಕೆ ಇನ್ನೂ ಜಾಸ್ತಿ ಆಯಿತು. ಸೈಕಲ್‌ಗೆ ಏನೇನು ಬಿಡಿಭಾಗ ಬೇಕು? ರೈಲಿನಲ್ಲಿ ಒಯ್ಯುವುದು ಹೇಗೆ?

ಹುಬ್ಬಳ್ಳಿ, ಹಳೇ ಹುಬ್ಬಳ್ಳಿ (ಸೈಕಲ್ ರಿಪೇರಿ)

ಟ್ಯೂಬ್, ಪ್ಯಾಚು ಎಲ್ಲರೂ ಒಯ್ಯುತ್ತಾರೆ. ನೀವು ಮರೆಯುವುದು ಹ್ಯಾಂಗರ್. ಹಿಂದಿನ ಗೇರನ್ನು ಫ್ರೇಮಿಗೆ ಕೂಡಿಸುವ ಬೆರಳುದ್ದದ ಅಲ್ಯೂಮಿನಿಯಂ ತುಂಡು. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಒಂದೊಂದು ಫ್ರೇಮಿಗೆ ಒಂದೊಂದು ಥರ ಇರುತ್ತೆ, ದಾರಿಯಲ್ಲಿ ಸಿಗುವ ಮಾತೇ ಇಲ್ಲ. ನಿಮ್ಮದನ್ನು ಬಿಚ್ಚಿ ತನ್ನಿ, ಅದೇ ಅಳತೆಯದು ತರಿಸಿಕೊಡುತ್ತೇನೆ. ಎರಡು ಜೊತೆ ಬ್ರೇಕ್ ಪ್ಯಾಡ್, ಚೈನ್ ಲಿಂಕ್, ನಿಮ್ಮ ಚಕ್ರದ ಅಳತೆಯ ನಾಲ್ಕು ಕಡ್ಡಿ (ಸ್ಪೋಕ್) ಇಟ್ಟುಕೊಳ್ಳಿ. ಟಾಂಗ್ಲಾಂಗ್ ಲಾ ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿ, ಇಲ್ಲದಿದ್ದರೆ ಡಿಸ್ಕ್ ಕಾಯುತ್ತೆ.

ರೈಲಿಗೆ ಸ್ಟೇಷನ್‌ನ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ, ನಿಮ್ಮ ಟಿಕೆಟ್ ತೋರಿಸಬೇಕು. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೇರ್ ಇರುವ ಕಡೆ ರಟ್ಟು ಸುತ್ತಿ ಗೋಣಿದಾರದಿಂದ ಕಟ್ಟಿ. ಹೆಸರು, ಮೊಬೈಲ್, ಇಳಿಸುವ ಸ್ಟೇಷನ್ ಎರಡು ಕಡೆ ಬರೆಯಿರಿ. ಲೋಡ್ ಆಗುವುದನ್ನು ಕಣ್ಣಾರೆ ನೋಡಿಯೇ ನಿಮ್ಮ ಬೋಗಿಗೆ ಹೋಗಿ. ಪೆಡಲ್ ಮಾತ್ರ ಕೈಚೀಲದಲ್ಲಿ ಇರಲಿ.