ಸಹಾಯ ಬೇಕು: ನಕಲಿ ಖಾತೆ ಮಾಡಿದವರ ಹೆಸರೇ ಗೊತ್ತಿಲ್ಲ, ಸಿವಿಲ್ ದಾವೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಮನೆಯಲ್ಲೇ ಬ್ಲೌಸ್ ಹೊಲಿದು ಕೊಡುತ್ತೇನೆ. ಗಿರಾಕಿಗಳು ಜಾಸ್ತಿ ಆನ್‌ಲೈನ್‌ನಿಂದಲೇ ಬರುವುದು.

ಹತ್ತು ತಿಂಗಳ ಹಿಂದೆ ಯಾರೋ ನನ್ನ ಹೆಸರು, ಫೋಟೋ ಹಾಕಿ ನಕಲಿ ಖಾತೆ ತೆರೆದರು. ಅದರಿಂದ ಗಿರಾಕಿಗಳಿಗೆ ಕೊಳಕು ಮೆಸೇಜ್ ಹೋಗುತ್ತಿವೆ. 'ಇವಳು ಅಡ್ವಾನ್ಸ್ ತಗೊಂಡು ಮೋಸ ಮಾಡ್ತಾಳೆ' ಅಂತ ಪೋಸ್ಟ್ ಬೇರೆ. ರಿಪೋರ್ಟ್ ಮಾಡಿದರೆ ಖಾತೆ ಹೋಗುತ್ತದೆ, ವಾರದೊಳಗೆ ಇನ್ನೊಂದು ಹುಟ್ಟುತ್ತದೆ. ಥೇಟ್ ರಕ್ತಬೀಜಾಸುರ!

ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಟ್ಟೆ. ಐಟಿ ಕಾಯ್ದೆಯ 66ಸಿ ಸೆಕ್ಷನ್ (ಬೇರೆಯವರ ಗುರುತು ಕದ್ದು ಬಳಸುವ ಅಪರಾಧ) ಹಾಕಿ ಎಫ್‌ಐಆರ್ ಕೂಡ ಆಯಿತು. ಆಮೇಲೆ ಸುದ್ದಿಯೇ ಇಲ್ಲ. ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಎಲ್ಲಾ ಇಟ್ಟುಕೊಂಡಿದ್ದೇನೆ.

ಪರಿಚಯದ ವಕೀಲರೊಬ್ಬರು ಸಿವಿಲ್ ದಾವೆ ಹಾಕಿ ಅಂದರು. ಮಾನನಷ್ಟಕ್ಕೆ ಪರಿಹಾರ ಕೇಳಬಹುದು, ಮತ್ತೆ ಪೋಸ್ಟ್ ಹಾಕದಂತೆ ತಡೆಯಾಜ್ಞೆಯನ್ನೂ ಕೇಳಬಹುದು. ಆದರೆ ಪರಿಹಾರ ಕೇಳಲು ಪೋಸ್ಟ್ ಬಂದ ದಿನದಿಂದ ಒಂದೇ ವರ್ಷ ಗಡುವು. ಕೇಳುವ ಮೊತ್ತ ಜಾಸ್ತಿಯಾದಷ್ಟೂ ಕೋರ್ಟ್ ಫೀಸು ಜಾಸ್ತಿ. ನನಗೆ ದುಡ್ಡು ಬೇಡ, ಇದು ನಿಂತರೆ ಸಾಕು.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಎದುರಾಳಿ ಯಾರೆಂದೇ ಗೊತ್ತಿಲ್ಲ. ಹೆಸರು ಗೊತ್ತಿಲ್ಲದವರ ಮೇಲೆ 'ಅಶೋಕ್ ಕುಮಾರ್' ಅಂತ ಬರೆದು ದಾವೆ ಹಾಕುವ ಪದ್ಧತಿ ಇದೆಯಲ್ವಾ (ಪಾಪ, ನಿಜವಾದ ಅಶೋಕ್ ಕುಮಾರ್‌ಗಳು!). ಸಿನಿಮಾದವರು ಪೈರಸಿ ತಡೆಯಲು ಹೀಗೆ ಮಾಡುವುದನ್ನು ಓದಿದ್ದೇನೆ. ನಮ್ಮಂಥವರು?

ಜಿಲ್ಲಾ ಮಟ್ಟದ ಕೋರ್ಟಿನಲ್ಲಿ ಯಾರಾದರೂ ಹೀಗೆ ದಾವೆ ಹಾಕಿದ್ದೀರಾ? ಪರಿಹಾರ ಬಿಟ್ಟು ಬರೀ ತಡೆಯಾಜ್ಞೆ ಕೇಳಿ, ಖಾತೆಯ ಹಿಂದಿರುವವರ ವಿವರ ಕೊಡಿ ಅಂತ ಆ ಸೋಷಿಯಲ್ ಮೀಡಿಯಾ ಕಂಪನಿಗೆ ಕೋರ್ಟಿನಿಂದಲೇ ಆದೇಶ ಮಾಡಿಸಬಹುದಾ?