ಅಲೆಸಿಸ್ ಎಚ್‌ಆರ್-16: ಪರದೆ ಬರುತ್ತದೆ, ಸದ್ದು ಮಾತ್ರ ಇಲ್ಲ

ಲಯದಹುಚ್ಚು (ಮೈಸೂರು)
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಮಗ ಅಮೆರಿಕದಿಂದ ಬರುವಾಗ ಹಳೇ ಅಲೆಸಿಸ್ ಎಚ್‌ಆರ್-16 ಡ್ರಮ್ ಮಷೀನ್ (ಡ್ರಮ್ ಸದ್ದುಗಳನ್ನು ತಾನೇ ನುಡಿಸುವ ಪೆಟ್ಟಿಗೆ) ತಂದುಕೊಟ್ಟಿದ್ದಾನೆ. ಅಲ್ಲಿ ಚೆನ್ನಾಗಿ ಓಡುತ್ತಿತ್ತಂತೆ. ಅದರ ಅಡಾಪ್ಟರ್ 120 ವೋಲ್ಟ್‌ನದು, ಹಾಗಾಗಿ ಇಲ್ಲಿನ ಪ್ಲಗ್‌ಗೆ ಹಾಕಿಲ್ಲ. ಇಲ್ಲೇ ಅಂಗಡಿಯಲ್ಲಿ 9 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ತಂದೆ, ಪಿನ್ ಸರಿಯಾಗಿ ಕೂರುತ್ತದೆ. ಪರದೆಯಲ್ಲಿ ಅಕ್ಷರ ಬರುತ್ತದೆ, ಪ್ಲೇ ಒತ್ತಿದರೆ ಪ್ಯಾಟರ್ನ್ (ಒಳಗೆ ತುಂಬಿಟ್ಟ ತಾಳ) ಓಡುತ್ತದೆ. ಆದರೆ ಸದ್ದು ಹೊರಬರುವ ಕಿಂಡಿಗಳಾದ ಮೇನ್‌ನಲ್ಲೂ ಸದ್ದಿಲ್ಲ, ಆಕ್ಸ್‌ನಲ್ಲೂ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್ ಬದಲಾಯಿಸಿ ನೋಡಿದೆ. ಸೌಂಡ್ ಚಿಪ್ ಸತ್ತಿದೆಯಾ?

ಪ್ಲಗಿನ್‌ಪ್ರಿಯ
ಇಷ್ಟು ಹಳೇದಲ್ವಾ, ಚಿಪ್ ಹೋಗಿರುತ್ತದೆ ಬಿಡಿ. ಅದರ ಸ್ಯಾಂಪಲ್‌ಗಳು (ರೆಕಾರ್ಡ್ ಮಾಡಿದ ಸದ್ದುಗಳು) ನೆಟ್‌ನಲ್ಲಿ ಸಿಗುತ್ತವೆ, ಇಳಿಸಿಕೊಂಡು ಕಂಪ್ಯೂಟರ್‌ನಲ್ಲೇ ಬಾರಿಸಿ. ರಿಪೇರಿಗೆ ದುಡ್ಡು ಸುರಿಯಬೇಡಿ.

ಬೆಸುಗೆರಾಯ (ಬೆಂಗಳೂರು)
ತಡೀರಿ ತಡೀರಿ, ಇಷ್ಟು ಬೇಗ ತಿಥಿ ಮಾಡಬೇಡಿ.

ಲಯದಹುಚ್ಚು ಅವರೇ, ಹೊಸ ಅಡಾಪ್ಟರ್ ಮೇಲೆ ಔಟ್‌ಪುಟ್ ಅಂತ ಬರೆದಿರುವ ಜಾಗ ನೋಡಿ. 9 ವಿ ಪಕ್ಕದಲ್ಲಿ ಒಂದು ಗೆರೆ, ಅದರ ಕೆಳಗೆ ಚುಕ್ಕಿ ಚುಕ್ಕಿ ಗೆರೆ ಇದ್ದರೆ ಅದು ಡಿಸಿ (ಒಂದೇ ದಿಕ್ಕಿನ ಕರೆಂಟ್). ಅಲೆಯ ಗುರುತು ಇದ್ದರೆ ಎಸಿ (ದಿಕ್ಕು ಬದಲಿಸುತ್ತಾ ಇರುವ ಕರೆಂಟ್). ಎಚ್‌ಆರ್-16ಕ್ಕೆ ಬೇಕಿರುವುದು 9 ವೋಲ್ಟ್ ಎಸಿ. ಈಗ ಅಂಗಡಿಯಲ್ಲಿ ಸುಮ್ನೆ 9 ವೋಲ್ಟ್ ಅಂದರೆ ಕೈಗೆ ಬರುವುದು ಡಿಸಿನೇ. ಹಗುರವಾಗಿದ್ದರೆ ಅದು ಎಸ್‌ಎಂಪಿಎಸ್, ಅಂದರೆ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಡಿಸಿ ಅಡಾಪ್ಟರ್. ಎಸಿ ಅಡಾಪ್ಟರ್ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಕೈಗೆ ತೂಕ ಗೊತ್ತಾಗುತ್ತದೆ.

ಎಸಿ ಯಾಕೆ ಅಂದರೆ, ಆಡಿಯೋ ಭಾಗದ ಆಪ್-ಆಂಪ್‌ಗಳಿಗೆ (ಸದ್ದಿನ ಸಿಗ್ನಲ್ ಹಿಗ್ಗಿಸುವ ಚಿಪ್‌ಗಳಿಗೆ) ಪ್ಲಸ್ ಮತ್ತು ಮೈನಸ್ ಎರಡೂ ವೋಲ್ಟೇಜ್ ಬೇಕು. ಎಸಿ ಒಳಗೆ ಬಂದರೆ ಡಯೋಡ್‌ಗಳು (ಕರೆಂಟನ್ನು ಒಂದೇ ಕಡೆ ಬಿಡುವ ಭಾಗಗಳು) ಅಲೆಯ ಮೇಲಿನ ಅರ್ಧದಿಂದ ಪ್ಲಸ್, ಕೆಳಗಿನ ಅರ್ಧದಿಂದ ಮೈನಸ್ ಮಾಡಿಕೊಡುತ್ತವೆ. ಡಿಸಿ ಕೊಟ್ಟರೆ ಒಂದೇ ಕಡೆ ಸಿಗುತ್ತದೆ. ಪ್ರೊಸೆಸರ್‌ಗೂ ಪರದೆಗೂ ಪ್ಲಸ್ ಸಾಕು, ಅದಕ್ಕೇ ಅವು ಎದ್ದಿವೆ. ಆಪ್-ಆಂಪ್‌ಗೆ ಮೈನಸ್ ಸಿಗದೆ ಸದ್ದು ಹೊರಗೆ ಬರುತ್ತಿಲ್ಲ. ನನ್ನ ಅಂದಾಜಿನಲ್ಲಿ ನಿಮ್ಮ ಮಷೀನ್ ಚೆನ್ನಾಗೇ ಇದೆ. ಮೊದಲು ಆ ಡಿಸಿ ಅಡಾಪ್ಟರ್ ಕಿತ್ತಿಡಿ.

ಲಯದಹುಚ್ಚು
ಸರ್, ಗೆರೆ ಮತ್ತು ಚುಕ್ಕಿನೇ ಇದೆ! ಈಗ ಎಸಿ ಎಲ್ಲಿ ಹುಡುಕಲಿ? ಹಳೇ 120 ವೋಲ್ಟ್ ಅಡಾಪ್ಟರನ್ನೇ ಒಂದು ಸಲ ಹಾಕಿ ನೋಡಲಾ?

ಬೆಸುಗೆರಾಯ
ಅಯ್ಯೋ, ಬೇಡ. 230ಕ್ಕೆ ಹಾಕಿದರೆ 9ರ ಬದಲು 18 ವೋಲ್ಟ್ ಹತ್ತಿರ ಬರುತ್ತದೆ. ಅಡಾಪ್ಟರ್ ಸುಟ್ಟುಹೋಗುತ್ತದೆ, ಜೊತೆಗೆ ಮಷೀನನ್ನೂ ಎಳೆದುಕೊಂಡು ಹೋಗಬಹುದು.

ಮೇನ್ಸ್ ವೈರ್ ಮುಟ್ಟಿ ಅಭ್ಯಾಸವಿಲ್ಲ ಅಂದರೆ 230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಂಡು, ಅದಕ್ಕೆ ಹಳೇ ಅಡಾಪ್ಟರ್ ಸಿಕ್ಕಿಸಿ. 50 ವಿಎ (ಟ್ರಾನ್ಸ್‌ಫಾರ್ಮರ್ ಹೊರುವ ಲೋಡಿನ ಅಳತೆ) ಇದ್ದರೂ ಧಾರಾಳವಾಯಿತು. ಪ್ರಯಾಣಕ್ಕೆ ಅಂತ ಮಾರುವ ಹಗುರವಾದ ಕನ್ವರ್ಟರ್ ಮಾತ್ರ ಬೇಡ. ಅವುಗಳಲ್ಲಿ ಕೆಲವು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ, ಇಸ್ತ್ರಿಪೆಟ್ಟಿಗೆಗೆ ನಡೆಯುತ್ತದೆ, ಇದಕ್ಕೆ ಆಗುವುದಿಲ್ಲ.

ಬೆಂಗಳೂರಿನ ಕಡೆ ಬಂದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ "9-0-9, 1 ಆಂಪ್ ಟ್ರಾನ್ಸ್‌ಫಾರ್ಮರ್" ಅಂತ ಕೇಳಿ. ಹೊರಬರುವ ಕಡೆ ಮೂರು ವೈರ್ ಇರುತ್ತವೆ. ಮಧ್ಯದ 0 ಮತ್ತು ಪಕ್ಕದ ಯಾವುದಾದರೂ ಒಂದು 9, ಇಷ್ಟೇ ಬೇಕು. ಇನ್ನೊಂದು 9ರ ತುದಿಗೆ ಟೇಪ್ ಸುತ್ತಿ ಬಿಟ್ಟುಬಿಡಿ. ಎರಡು 9ರ ನಡುವೆ ತಗೊಂಡರೆ 18 ಆಗುತ್ತದೆ, ಹುಷಾರು. ವೈರ್ ಬಣ್ಣ ನಂಬಬೇಡಿ, ಮೀಟರ್ ನಂಬಿ. ಮಲ್ಟಿಮೀಟರನ್ನು ಎಸಿಗೆ ತಿರುಗಿಸಿ ಅಳೆದರೆ 10, 11 ತೋರಿಸಬಹುದು. ಗಾಬರಿ ಬೇಡ, ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿನೇ ತೋರಿಸುತ್ತದೆ. ಮೇನ್ಸ್ ಕಡೆ ಫ್ಯೂಸ್ ಇರಲಿ, ಎಲ್ಲವೂ ಮುಚ್ಚಿದ ಡಬ್ಬಿಯೊಳಗೆ ಇರಲಿ. ಇದು ಗೊತ್ತಿರುವವರ ಕೈಯಲ್ಲೇ ಆಗಬೇಕಾದ ಕೆಲಸ. ಎಸಿ ಆದ್ದರಿಂದ ಪಿನ್‌ನಲ್ಲಿ ಪ್ಲಸ್ ಒಳಗೋ ಹೊರಗೋ ಅನ್ನುವ ತಲೆನೋವಿಲ್ಲ.

ಹಳೇಗಿಟಾರ್ (ಹುಬ್ಬಳ್ಳಿ)
ಇನ್ನೊಂದು ದಾರಿ ಐತಿ ನೋಡ್ರಿ. ಡಿಜಿಟೆಕ್ ಆರ್‌ಪಿ ಗಿಟಾರ್ ಪೆಡಲ್‌ಗಳಲ್ಲಿ ಹಲವಕ್ಕೆ 9 ವೋಲ್ಟ್ ಎಸಿ ಅಡಾಪ್ಟರೇ ಬರುತ್ತಿತ್ತು. ಲೈನ್ 6 ಕಂಪನಿಯ ಪಾಡ್ 2.0 ಗಿಟಾರ್ ಎಫೆಕ್ಟ್ ಪೆಟ್ಟಿಗೆಗೂ ಅದೇ. ಗಿಟಾರ್ ಬಾರಿಸುವವರ ಮನೆಯಲ್ಲಿ ಅಟ್ಟದ ಮೇಲೆ ಬಿದ್ದಿರುತ್ತದೆ. 230 ವೋಲ್ಟ್‌ನದಾ, ಪಿನ್ ಕೂರುತ್ತದಾ ನೋಡಿಕೊಳ್ಳಿ. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ.

ಪ್ಲಗಿನ್‌ಪ್ರಿಯ ಅವರಿಗೆ ಒಂದು ಮಾತು. 1982ರಲ್ಲಿ ಲಿನ್‌ಡ್ರಮ್ ಅನ್ನುವ ಡ್ರಮ್ ಮಷೀನ್ ಬಂದಾಗ ಅದರ ಬೆಲೆ 2,995 ಡಾಲರ್, ಸ್ಯಾಂಪಲ್ 8 ಬಿಟ್ (ಬಿಟ್ ಹೆಚ್ಚಿದಷ್ಟೂ ಸದ್ದು ನಿಖರ). 1987ರಲ್ಲಿ ಈ ಎಚ್‌ಆರ್-16 ಬಂದದ್ದು 500 ಡಾಲರ್ ಒಳಗೆ, 16 ಬಿಟ್, 49 ಸದ್ದು, ಮೆಲ್ಲಗೆ ಬಡಿದರೆ ಮೆಲ್ಲಗೆ, ಜೋರಾಗಿ ಬಡಿದರೆ ಜೋರಾಗಿ ನುಡಿಯುವ 16 ಪ್ಯಾಡ್. ನೋಡಲಿಕ್ಕೆ ದೊಡ್ಡ ಕ್ಯಾಲ್ಕುಲೇಟರ್ ಥರ ಇದೆ, ಒಪ್ಪಿದೆ. ಆ ಮುಖ ನೋಡಿಯೇ ಜನ ಕಡೆಗಣಿಸಿದರು. ಆದರೆ ಒಂದೊಂದು ಸದ್ದನ್ನೂ ಟ್ಯೂನ್ ಮಾಡಬಹುದು. ಟಾಮ್ (ಆಳದ ಸದ್ದಿನ ಡ್ರಮ್) ಅನ್ನು ಪೂರ್ತಿ ಕೆಳಗಿಳಿಸಿ, ಸ್ಪೀಕರ್ ಜೋರಾಗಿಟ್ಟು ಕೇಳಿ, ಆಮೇಲೆ ಮಾತಾಡೋಣ.

ಲಯದಹುಚ್ಚು
ಹುಬ್ಬಳ್ಳಿ ಅಣ್ಣಾ, ನಿಮ್ಮ ಮಾತು ಕೆಲಸ ಮಾಡಿತು! ಗೆಳೆಯನ ಹತ್ತಿರ ಹಳೇ ಪೆಡಲ್‌ನ ಅಡಾಪ್ಟರ್ ಇತ್ತು. 9 ವೋಲ್ಟ್ ಪಕ್ಕದಲ್ಲಿ ಅಲೆಯ ಗುರುತು, 230 ವೋಲ್ಟ್. ಹಾಕಿದ ತಕ್ಷಣ ಸದ್ದು ಬಂತು. ಸ್ನೇರ್ ಡ್ರಮ್ ಅಂದರೆ ಸ್ನೇರ್ ಡ್ರಮ್.

ಈಗ ಇನ್ನೊಂದು ತೊಂದರೆ. ಕಂಪ್ಯೂಟರ್‌ಗೆ ಮಿಡಿ (ನೋಟ್‌ಗಳ ಸಂದೇಶ ಸಾಗಿಸುವ ಕೇಬಲ್) ಇನ್, ಔಟ್ ಎರಡೂ ಹಾಕಿದ್ದೇನೆ. ಪ್ಯಾಡ್ ಒಂದು ಸಲ ಬಡಿದರೆ ಎರಡು ಸಲ ಬಡಿದ ಹಾಗೆ ಕೇಳುತ್ತದೆ. ಪ್ಯಾಡ್ ಕೆಟ್ಟಿದೆಯಾ?

ಬೆಸುಗೆರಾಯ
ಕೇಬಲ್ ಕಿತ್ತು ಬಡಿದು ನೋಡಿ. ಒಂದೇ ಸಲ ಕೇಳಿದರೆ ಪ್ಯಾಡ್ ಸರಿಯಿದೆ. ನೀವು ಬಡಿದ ನೋಟ್ ಕಂಪ್ಯೂಟರ್‌ಗೆ ಹೋಗಿ, ಅಲ್ಲಿಂದ ಮತ್ತೆ ಮಷೀನ್‌ಗೇ ವಾಪಸ್ ಬರುತ್ತಿದೆ. ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರ್ (ಬಂದ ನೋಟನ್ನು ವಾಪಸ್ ಕಳಿಸುವ ಸ್ವಿಚ್) ಆಫ್ ಮಾಡಿ, ಇಲ್ಲವೇ ಮಿಡಿ ಔಟ್ ತೆಗೆಯಿರಿ.

ಇನ್ನೊಂದು ವಿಷಯ. ಪ್ಯಾಟರ್ನ್‌ಗಳನ್ನು ನೆನಪಿನಲ್ಲಿ ಇಡುವುದು ಒಳಗಿರುವ 3 ವೋಲ್ಟ್ ಲಿಥಿಯಂ ಬ್ಯಾಟರಿ. ಅದಕ್ಕೂ ವಯಸ್ಸಾಗಿರುತ್ತದೆ, ಆಫ್ ಮಾಡಿ ಆನ್ ಮಾಡಿದಾಗ ಮಾಡಿದ್ದೆಲ್ಲ ಕಸ ಆಗಿದ್ದರೆ ಅದೇ ಕಾರಣ. ಬ್ಯಾಟರಿ ತೆಗೆದರೆ ನೆನಪು ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಎಲ್ಲವನ್ನೂ ಸೇವ್ ಮಾಡಿ. ಟೇಪ್ ಔಟ್‌ನಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ ಕೇಬಲ್ ಹಾಕಿ, ಟೇಪ್ ಸೇವ್ ಕೊಟ್ಟರೆ ಕರ್ ಅಂತ ಕರ್ಕಶ ಸದ್ದು ಬರುತ್ತದೆ. ಅದೇ ನಿಮ್ಮ ಡೇಟಾ. ವೇವ್ ಫೈಲ್ ಆಗಿಯೇ ರೆಕಾರ್ಡ್ ಮಾಡಿ, ಎಂಪಿ3 ಬೇಡ.

ಲಯದಹುಚ್ಚು
ಕೇಬಲ್ ತೆಗೆದರೆ ಒಂದೇ ಸಲ ಕೇಳುತ್ತದೆ. ಮಾನಿಟರ್ ಆಫ್ ಮಾಡಿದೆ, ಸರಿಹೋಯಿತು. ಕೊನೇ ಪ್ರಶ್ನೆ: ಭಾವಗೀತೆಗೆ ಮಿಶ್ರ ಛಾಪು (ಏಳು ಎಣಿಕೆಯ ತಾಳ) ಬೇಕು. ಇದು ಬರೀ ನಾಲ್ಕರ ಲೆಕ್ಕವಾ?

ಹಳೇಗಿಟಾರ್
ಅಲ್ಲ. ಖಾಲಿ ಪ್ಯಾಟರ್ನ್ ತಗೊಂಡು ಅದರ ಉದ್ದವನ್ನು 7 ಬೀಟ್‌ಗೆ ಇಡಿ. ಒಂದನೆಯ ಬೀಟ್‌ಗೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ನಾಲ್ಕಕ್ಕೆ ಮತ್ತು ಆರಕ್ಕೆ ಕೆಳಗಿಳಿಸಿದ ಟಾಮ್ ಹಾಕಿದರೆ ಮೂರು-ನಾಲ್ಕರ ನಡೆ ಕೂರುತ್ತದೆ. ಹೈಹ್ಯಾಟ್ ಬೇಕಿದ್ದರೆ ಬಹಳ ಮೆಲ್ಲಗೆ. ಟೆಂಪೊ ಮೊದಲು ನಿಧಾನ ಇಟ್ಟು ಬಾರಿಸಿ, ಆಮೇಲೆ ಏರಿಸಿ.